‘ರಕ್ತಸ್ರಾವ ಇಲ್ಲ’ ಅಂದ ಸ್ಕ್ಯಾನ್ ಮರೆವಿನ ಬಗ್ಗೆ ಏನೂ ಹೇಳಿರಲಿಲ್ಲ: ರಾಯಚೂರಿನ ಒಂದು ಪ್ರಕರಣ

ರೋಗಿ 67 ವರ್ಷದ ಗಂಡಸು. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿ ದುಡಿದು, ಈಗ ಮನೆಯಲ್ಲಿದ್ದವರು. ಎಸ್‌ಎಸ್‌ಎಲ್‌ಸಿವರೆಗೆ ಓದು. ಕನ್ನಡದ ಜೊತೆ ತೆಲುಗು, ಉರ್ದು ಸಲೀಸು. ಗಂಜ್‌ನಲ್ಲಿ ವ್ಯವಹಾರ ಮಾಡುವವರಿಗೆ ಅದು ಬೇಕೇ ಬೇಕು. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಅದಕ್ಕೆ ಮೆಟ್‌ಫಾರ್ಮಿನ್ ಗುಳಿಗೆ. ಸ್ವಲ್ಪ ಬಿಪಿ. ಬೀಡಿ, ಕುಡಿತ ಇಲ್ಲ. ಊಟ ಪೂರ್ತಿ ಸಸ್ಯಾಹಾರ. ಇದು ಮುಂದೆ ಲೆಕ್ಕಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.

ನಾನು ರೇಡಿಯಾಲಜಿಸ್ಟ್. ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಚಿಕಿತ್ಸೆ ನೋಡಿಕೊಂಡವರು ನರರೋಗ ತಜ್ಞರು. ಹಾಗಾಗಿ ಈ ಪ್ರಕರಣ ನನ್ನ ಕಡೆಯಿಂದ ಕಂಡ ಹಾಗೆ ಇದೆ. ಇದು ಅಪರೂಪದ ಪ್ರಕರಣವೇನಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ (ನೆನಪು, ಬುದ್ಧಿ ಕುಗ್ಗುತ್ತಾ ಹೋಗುವ ತೊಂದರೆ) ಇದೆ ಅನ್ನುವುದು 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜು. ಡಿಮೆನ್ಷಿಯಾಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಆಲ್ಝೈಮರ್. ಇಷ್ಟು ಜನರಲ್ಲಿ ಬಹಳಷ್ಟು ಮಂದಿ ‘ವಯಸ್ಸಾಯ್ತು’ ಅನ್ನುವ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ.

ಮನೆಯವರು ಕಂಡದ್ದು

ಹೆಂಡತಿ ಹೇಳಿದ್ದೂ ಅದೇ. “ವಯಸ್ಸಾತ್ರಿ, ಮರೀತಾರ. ನಾನೂ ಮರೀತೀನಿ.” ಮಾನ್ವಿಗೆ ಮದುವೆಯಾಗಿ ಹೋದ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳು ಬಿಡಲಿಲ್ಲ. “ನೀ ಮರ್ತಿದ್ದು ಆಮ್ಯಾಲಾದ್ರೂ ನೆನಪಾಗ್ತದವ್ವ. ಅಪ್ಪಗ ನಾವು ಹೇಳಿದ ಮ್ಯಾಲೂ ನೆನಪಾಗವಲ್ದು.”

ಈ ಒಂದು ಮಾತು ಬಹಳ ದೊಡ್ಡದು. ವಯಸ್ಸಿನ ಮರೆವಿನಲ್ಲಿ ವಿಷಯ ಒಳಗೆ ಇರುತ್ತದೆ, ತಕ್ಷಣಕ್ಕೆ ಕೈಗೆ ಸಿಗುವುದಿಲ್ಲ, ಅಷ್ಟೇ. ಸುಳಿವು ಕೊಟ್ಟರೆ “ಹಾಂ, ಹೌದು” ಅನ್ನುತ್ತಾರೆ. ಆಲ್ಝೈಮರ್ ಶುರುವಿನಲ್ಲಿ ವಿಷಯ ಒಳಗೆ ಹೋಗಿ ಕೂರುವುದೇ ಇಲ್ಲ. ಇಲ್ಲದ್ದನ್ನು ಎಷ್ಟು ಸುಳಿವು ಕೊಟ್ಟರೂ ಹೊರಗೆ ತೆಗೆಯಲಾಗದು, ಅಲ್ವಾ?

ಸುಮಾರು ಎರಡು ವರ್ಷದಿಂದ ಹೀಗೆ ನಡೆದಿತ್ತು. ಊಟ ಆಗಿ ಅರ್ಧ ಗಂಟೆಗೆ “ಊಟ ಹಾಕಲ್ವಾ” ಅಂತ ಕೇಳುವುದು. ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡುವುದು. ಹಾಲಿನವನು ಪ್ರಾಮಾಣಿಕ, ಮೊದಲು ಅವನೇ ಬಂದು ಹೇಳಿದ್ದು. ಒಂದು ದಿನ ಗುಳಿಗೆ ತರಲು ಹೋದವರು ತೀನ್ ಕಂದೀಲ್ ಹತ್ತಿರ ಸುಮ್ಮನೆ ನಿಂತುಬಿಟ್ಟರು. ಹುಟ್ಟಿದಾಗಿನಿಂದ ಓಡಾಡಿದ ಜಾಗ. ಗಂಜ್‌ನ ಹಳೆಯ ಹಮಾಲರೊಬ್ಬರು ಗುರುತು ಹಿಡಿದು, “ಬರ್ರಿ ಸಾಹುಕಾರ್ರ, ನಾನೂ ಆ ಕಡಿಗೇ ಹೊಂಟೀನಿ” ಅಂತ ಮರ್ಯಾದೆ ಉಳಿಸಿ ಮನೆಗೆ ಕರೆತಂದರು.

ಹಳೆಯದೆಲ್ಲ ಮಾತ್ರ ಗಟ್ಟಿ. ಯಾವ ವರ್ಷ ಹತ್ತಿ ದರ ಬಿದ್ದಿತು, ಯಾವ ಊರಿನ ರೈತ ಎಷ್ಟು ಬಾಕಿ ಇಟ್ಟಿದ್ದ ಅನ್ನುವುದು ನಾಲಿಗೆ ತುದಿಯಲ್ಲಿ. ಮಾತು, ನಡತೆ, ಬಂದವರಿಗೆ “ಕೂಡ್ರಿ, ಚಾ ಕುಡೀರಿ” ಅನ್ನುವುದು ಯಾವುದೂ ಕೆಟ್ಟಿರಲಿಲ್ಲ. ಮನೆಯವರಿಗೆ ರೋಗ ಅನ್ನಿಸದೆ ಇದ್ದದ್ದು ಇದೇ ಕಾರಣಕ್ಕೆ.

ಮಗಳು ಚೀಲದಲ್ಲಿ ಇನ್ನೊಂದನ್ನು ತಂದಿದ್ದಳು. ಅಪ್ಪನ ಮನೆ ಖರ್ಚಿನ ಕಿರ್ದಿ. ಗುಮಾಸ್ತಿಕೆ ಬಿಟ್ಟ ಮೇಲೂ ಅವರು ದಿನಾ ಬರೆಯುತ್ತಿದ್ದರಂತೆ. ಕೆಲವು ವರ್ಷದ ಪುಸ್ತಕ. ನರರೋಗ ತಜ್ಞರು ಅದನ್ನು ನನಗೂ ತೋರಿಸಿದರು. ಮೊದಲ ವರ್ಷದ ಪುಟಗಳು ಕಣ್ಣಿಗೆ ಒತ್ತಿಕೊಳ್ಳುವ ಹಾಗಿವೆ. ನೇರ ಗೆರೆ, ಮಣಿ ಪೋಣಿಸಿದಂಥ ಅಕ್ಷರ. ಎರಡನೇ ವರ್ಷದ ನಡುವೆ ಒಂದು ಕಡೆ ‘ಗ್ಯಾಸ್’ ಎರಡು ಸಲ ಬಂದಿದೆ. ಅದನ್ನು ಅವರೇ ಕಂಡುಹಿಡಿದು ಹೊಡೆದುಹಾಕಿದ್ದಾರೆ. ನಾಲ್ಕಾರು ತಿಂಗಳ ಮುಂದಕ್ಕೆ ಹೋದರೆ ಒಂದೇ ದಿನದ ಹಾಲು ಮೂರು ಸಲ, ಯಾವುದನ್ನೂ ಹೊಡೆದುಹಾಕಿಲ್ಲ. ಆದರೆ ಪುಟದ ಕೆಳಗಿನ ಮೊತ್ತ ನೋಡಿ. ತಪ್ಪಾಗಿ ಮೂರು ಸಲ ಬರೆದದ್ದನ್ನೂ ಸೇರಿಸಿ, ಕೂಡಿದ್ದು ಒಂದು ಪೈಸೆ ಆಚೀಚೆ ಇಲ್ಲ!

ಲೆಕ್ಕ ಮಾಡುವ ಶಕ್ತಿ ಹಾಗೇ ಇದೆ, ಬೆಳಿಗ್ಗೆ ಏನಾಯಿತು ಅನ್ನುವುದು ಉಳಿಯುತ್ತಿಲ್ಲ. ಮನೆಯವರು ಎರಡು ವರ್ಷ ಅಂದರೂ ಪುಸ್ತಕ ಅದಕ್ಕಿಂತ ಸ್ವಲ್ಪ ಮೊದಲೇ ಶುರುವಾಗಿದ್ದನ್ನು ತೋರಿಸುತ್ತಿತ್ತು. ನನ್ನ ಯಾವ ಯಂತ್ರವೂ ಈ ಥರ ತಾರೀಖು ಹಾಕಿ ತೋರಿಸುವುದಿಲ್ಲ.

ಹಳೆಯ ಸಿಟಿ ಸ್ಕ್ಯಾನ್

ಆರು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅವತ್ತೇ ಬೇರೆ ಕಡೆ ತಲೆಯ ಸಿಟಿ ಆಗಿತ್ತು. ರಿಪೋರ್ಟ್‌ನಲ್ಲಿ ‘ರಕ್ತಸ್ರಾವ ಇಲ್ಲ, ಮೂಳೆ ಮುರಿದಿಲ್ಲ, ವಯಸ್ಸಿಗೆ ತಕ್ಕ ಸವೆತ’ ಎಂದಿತ್ತು. ಮನೆಯವರು ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. “ತಲಿ ಸ್ಕ್ಯಾನ್ ಆಗ್ಯದ್ರಿ, ಎಲ್ಲಾ ನಾರ್ಮಲ್ ಅಂದಾರ” ಅನ್ನುವುದು ಅವರ ಧೈರ್ಯ.

ಆ ರಿಪೋರ್ಟ್ ತಪ್ಪಲ್ಲ. ಚೀಟಿಯಲ್ಲಿ ಕೇಳಿದ್ದು ‘ಬಿದ್ದಿದ್ದಾರೆ, ರಕ್ತಸ್ರಾವ ಇದೆಯಾ’ ಅಂತ. ಅದಕ್ಕೆ ಉತ್ತರ ಸಿಕ್ಕಿತ್ತು. ಮರೆವಿನ ಬಗ್ಗೆ ಯಾರೂ ಕೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ನನ್ನ ತಕರಾರು ಇರುವುದು ‘ವಯಸ್ಸಿಗೆ ತಕ್ಕ ಸವೆತ’ ಅನ್ನುವ ಸಾಲಿನ ಮೇಲೆ. 60 ದಾಟಿದ ಯಾರ ತಲೆ ಸ್ಕ್ಯಾನ್ ಮಾಡಿದರೂ ನಮ್ಮ ಕೈ ತಾನಾಗೇ ಈ ಸಾಲು ಬರೆಯುತ್ತದೆ. ಎಲ್ಲಿ ಸವೆದಿದೆ, ಎಷ್ಟು ಸವೆದಿದೆ, ಒಂದೇ ಸಮ ಸವೆದಿದೆಯೋ ಒಂದೇ ಕಡೆ ಜಾಸ್ತಿಯೋ ಎಂದು ಬರೆಯದಿದ್ದರೆ ಅದು ಬರೆದೂ ಬರೆಯದ ಹಾಗೆ.

ಇನ್ನೊಂದು ವಿಷಯ. ಬಿದ್ದ ದಿನದ ಸಿಟಿ ಶುದ್ಧವಾಗಿದ್ದರೆ ಅಲ್ಲಿಗೆ ಮುಗಿಯಿತು ಅನ್ನುವ ಹಾಗಿಲ್ಲ. ವಯಸ್ಸಾದವರಲ್ಲಿ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನಕ್ಕೆ ಜಿನುಗಿ, ವಾರಗಟ್ಟಲೆ ಆದ ಮೇಲೆ ಮಂಕು, ಮರೆವು, ನಡಿಗೆಯಲ್ಲಿ ತೊಡಕು ಕಾಣಿಸಿಕೊಳ್ಳಬಹುದು. ಇದಕ್ಕೆ ಸಬ್‌ಡ್ಯೂರಲ್ ಅನ್ನುತ್ತೇವೆ. ತಲೆಬುರುಡೆಯಲ್ಲಿ ತೂತು ಮಾಡಿ ರಕ್ತ ತೆಗೆದರೆ ಮನುಷ್ಯ ಮೊದಲಿನ ಹಾಗೆ ಆಗಬಹುದು. ಹಾಗಾಗಿ ಈಗ ಮತ್ತೆ ನೋಡಲೇಬೇಕಿತ್ತು.

ಸ್ಕ್ಯಾನ್‌ಗೆ ಮೊದಲು

ನರರೋಗ ತಜ್ಞರು ಮೊದಲು ಬರೆದದ್ದು ಸ್ಕ್ಯಾನ್ ಅಲ್ಲ, ರಕ್ತ ಪರೀಕ್ಷೆ. ಥೈರಾಯ್ಡ್ ಸರಿ ಇತ್ತು. ಸೋಡಿಯಂ, ಕಿಡ್ನಿ, ಹಿಮೋಗ್ಲೋಬಿನ್ ಪರವಾಗಿಲ್ಲ. ಬಿ12 ಮಾತ್ರ 148. ಕನಿಷ್ಠ 200 ಇರಬೇಕು. ಆಶ್ಚರ್ಯವಿಲ್ಲ. ಬಿ12 ಸಿಗುವುದು ಹಾಲು, ಮೊಟ್ಟೆ, ಮಾಂಸದಲ್ಲಿ. ಇವರಿಗೆ ಇದ್ದದ್ದು ಹಾಲು ಮಜ್ಜಿಗೆ ಅಷ್ಟೇ. ಸಾಲದ್ದಕ್ಕೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಹೊಟ್ಟೆಗೆ ಹೋದ ಬಿ12 ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಬಿ12 ಕೊರತೆಯಿಂದಲೇ ಮರೆವು ಬರಬಹುದು.

ಇಂಜೆಕ್ಷನ್ ಶುರುವಾಯಿತು. ಕಾಲು ಜೋಮು ಹಿಡಿಯುವುದು ಕಡಿಮೆಯಾಯಿತು, ಮುಖದಲ್ಲಿ ಸ್ವಲ್ಪ ಕಳೆ ಬಂತು. ಮರೆವು ಮಾತ್ರ ಇದ್ದಲ್ಲೇ ಇತ್ತು.

ಔಷಧದ ಡಬ್ಬಿ ತರಿಸಿ ನೋಡಿದಾಗ ಇನ್ನೊಂದು ಸಿಕ್ಕಿತು. ನಿದ್ದೆ ಬರಲಿ ಅಂತ ದಿನಾ ರಾತ್ರಿ ಒಂದು ಶೀತದ ಗುಳಿಗೆ ನುಂಗುತ್ತಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕೊಡುವಂಥದ್ದು. ಅದರಲ್ಲಿರುವ ಕ್ಲೋರ್‌ಫೆನಿರಮೈನ್, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ವಯಸ್ಸಾದವರಿಗೆ ಇದೊಂದೇ ಸಾಕು ಮಂಕು ಹಿಡಿಸಲು. ನಿಲ್ಲಿಸಿದರು. ಹಗಲು ತೂಕಡಿಕೆ ಹೋಯಿತು, ಮರೆವು ಹೋಗಲಿಲ್ಲ.

ಆಮೇಲೆ ನೆನಪಿನ ಪರೀಕ್ಷೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಅದು ಒಳ್ಳೆಯದಾಯಿತು. ಇಂಗ್ಲಿಷಿನಿಂದ ಎತ್ತಿಕೊಂಡು ಬಂದ ಪ್ರಶ್ನೆಗಳನ್ನು ನಮ್ಮ ಹಳ್ಳಿಯ ಅಜ್ಜಿಗೆ ಕೇಳಿದರೆ, ರೋಗ ಇಲ್ಲದವರೂ ಫೇಲಾಗುತ್ತಾರೆ. ಇವರಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಸಾಮಾನ್ಯವಾಗಿ ಐದು ಸಲ ಕಳೆದರೆ ಸಾಕು. ಇವರು ತೊಂಬತ್ಮೂರು, ಎಂಬತ್ತಾರು ಅಂತ ಶುರುಮಾಡಿ, ಯಾರೂ ನಿಲ್ಲಿಸದೆ ಇದ್ದುದಕ್ಕೆ, ಎರಡಕ್ಕೆ ಬಂದು ನಿಂತರು. “ಇನ್ನ ಹೋಗಂಗಿಲ್ರಿ” ಅಂದರು. ಅದಕ್ಕೆ ಮೊದಲು ಹೇಳಿದ್ದ ಮೂರು ಪದ ಏನು ಅಂತ ಕೇಳಿದರೆ, “ಯಾವ ಪದ ರೀ?” ಮೂರರಲ್ಲಿ ಒಂದೂ ಇಲ್ಲ. ‘ಒಂದು ಹಣ್ಣು’ ಅಂತ ಸುಳಿವು ಕೊಟ್ಟರೂ ಇಲ್ಲ. ಪದ ಹೇಳಿದ್ದೇ ನೆನಪಿಲ್ಲ. ಕಿರ್ದಿ ಹೇಳಿದ್ದನ್ನೇ ಪರೀಕ್ಷೆಯೂ ಹೇಳಿತು.

ಎಂಆರ್‌ಐ

ನನ್ನ ಹತ್ತಿರ ಬಂದ ಚೀಟಿಯಲ್ಲಿ ಇದ್ದದ್ದು ಹೀಗೆ: ‘ಎರಡು ವರ್ಷದಿಂದ ನಿಧಾನಕ್ಕೆ ಹೆಚ್ಚುತ್ತಿರುವ ಮರೆವು, ಹೊಸ ವಿಷಯ ಮಾತ್ರ. ಬಿ12 ಕೊಟ್ಟಾಗಿದೆ. ಆರು ತಿಂಗಳ ಹಿಂದೆ ಬಿದ್ದಿದ್ದಾರೆ. ಹಿಪ್ಪೋಕ್ಯಾಂಪಸ್ ನೋಡಿ, ಸಬ್‌ಡ್ಯೂರಲ್ ನೋಡಿ.’ ಇಂಥ ಚೀಟಿ ಬರುವುದು ಕಡಿಮೆ. ಹೆಚ್ಚಿನವುಗಳಲ್ಲಿ ‘ಎಂಆರ್‌ಐ ಬ್ರೇನ್’ ಅಂತ ಎರಡು ಪದ ಇರುತ್ತವೆ, ಅಷ್ಟೇ. ಚೀಟಿ ಏನು ಕೇಳುತ್ತದೋ ಅದರ ಮೇಲೆ ನಾವು ಯಾವ ಚಿತ್ರ ತೆಗೆಯಬೇಕು, ಯಾವ ಕೋನದಲ್ಲಿ ಕತ್ತರಿಸಬೇಕು ಅನ್ನುವುದು ನಿಂತಿದೆ. ಹಿಪ್ಪೋಕ್ಯಾಂಪಸ್ ಇರುವುದು ಕಿವಿಯ ಒಳಪಕ್ಕದಲ್ಲಿ, ಮೆದುಳಿನ ತಳದಲ್ಲಿ, ಎರಡೂ ಕಡೆ. ಹೊಸ ನೆನಪು ಕಟ್ಟುವ ಜಾಗ ಇದು. ಮಾಮೂಲಿ ಅಡ್ಡ ಚಿತ್ರಗಳಲ್ಲಿ ಅದು ಒಂದೆರಡು ಕಡೆ ಓರೆಯಾಗಿ ಕಂಡು ಮಾಯವಾಗುತ್ತದೆ. ಅದರ ಉದ್ದಕ್ಕೆ ಸರಿಯಾಗಿ ಅಡ್ಡಲಾಗಿ, ಮುಖಕ್ಕೆ ಸಮಾನಾಂತರವಾಗಿ ಕತ್ತರಿಸಿದ ತೆಳು ಚಿತ್ರ ಬೇಕು. ಇದಕ್ಕೆ ಕರೋನಲ್ ಅನ್ನುತ್ತೇವೆ. ಕೇಳದಿದ್ದರೆ ಎಷ್ಟೋ ಕಡೆ ತೆಗೆಯುವುದೇ ಇಲ್ಲ.

ಸ್ಕ್ಯಾನ್ ದಿನ ಮೊದಲ ತೊಡಕು ಲೋಹದ್ದು. ಸೊಂಟದಲ್ಲಿ ಬೆಳ್ಳಿ ಉಡದಾರ, ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ. ಉಡದಾರ ಬಿಚ್ಚಿದರು. ಕರಡಿಗೆಗೆ ಕೈ ಹಾಕಿದಾಗ ಹಿಂದೆ ಸರಿದರು. ಶುದ್ಧ ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಕೊಂಡಿಯಲ್ಲಿ, ಬೆಸುಗೆಯಲ್ಲಿ ಏನು ಸೇರಿದೆ ಅಂತ ಯಾರು ಹೇಳುತ್ತಾರೆ? ಮೈಮೇಲೆ ಬಿಸಿಯಾಗುವ ಅಪಾಯ ಬೇರೆ. ಜೋರು ಮಾಡಿದರೆ ಕೆಲಸ ಕೆಡುತ್ತದೆ. ಕೊನೆಗೆ ಹೆಂಡತಿಯೇ ಮುಂದೆ ಬಂದು ಎರಡೂ ಕೈ ಒಡ್ಡಿ, “ನನ್ನ ಕೈಯಾಗ ಇರ್ತದ, ನೀವು ಬರೂ ತನ ಕೆಳಗ ಇಡಂಗಿಲ್ಲ” ಅಂದರು. ಕೊಟ್ಟರು. ಆಯಮ್ಮ ಸ್ಕ್ಯಾನ್ ಮುಗಿಯುವವರೆಗೂ ಬಾಗಿಲ ಹೊರಗೆ ಹಾಗೇ ಅಂಗೈಯಲ್ಲಿ ಹಿಡಿದು ಕೂತಿದ್ದರು.

ಎರಡನೇ ತೊಡಕು ರೋಗದ್ದೇ. ಒಳಗೆ ಮಲಗಿಸಿ ಅಲುಗಾಡಬೇಡಿ ಅಂದದ್ದು ಐದು ನಿಮಿಷಕ್ಕೆ ಅವರಿಗೆ ಮರೆತುಹೋಗುತ್ತದೆ. ಎಲ್ಲಿದ್ದೇನೆ, ಈ ಢಣಢಣ ಸದ್ದು ಏನು ಅಂತ ಗಾಬರಿಯಾಗಿ ಏಳಲು ನೋಡುತ್ತಾರೆ. ಅದಕ್ಕೇ ನಾವು ಮುಖ್ಯವಾದ ತೆಳು ಚಿತ್ರವನ್ನು ಮೊದಲೇ ತೆಗೆದೆವು. ಕೊನೆಗೆ ಇಟ್ಟುಕೊಂಡರೆ ಅಷ್ಟೊತ್ತಿಗೆ ತಾಳ್ಮೆ ಮುಗಿದು ಚಿತ್ರ ಮಸುಕಾಗುತ್ತದೆ. ಬೆಂಗಳೂರಿನಿಂದ ಬಂದಿದ್ದ ಮಗನ ಜೇಬು, ಬೆಲ್ಟು ಎಲ್ಲ ಖಾಲಿ ಮಾಡಿಸಿ ಒಳಗೆ ನಿಲ್ಲಿಸಿದೆವು, ಅಪ್ಪನ ಪಾದ ಹಿಡಿದುಕೊಂಡು. ಪ್ರತಿ ಚಿತ್ರದ ನಡುವೆ ಟೆಕ್ನಿಷಿಯನ್ ಮೈಕ್‌ನಲ್ಲಿ, “ಅಪ್ಪಾಜಿ, ತಲಿ ಸ್ಕ್ಯಾನ್ ನಡದದ, ಅಲುಗಾಡಬ್ಯಾಡ್ರಿ, ಇನ್ನ ನಾಕ್ ನಿಮಿಷ” ಅಂತ ಮೊದಲ ಸಲ ಹೇಳುವ ಹಾಗೇ ಹೇಳುತ್ತಿದ್ದ.

ಚಿತ್ರದಲ್ಲಿ ಕಂಡದ್ದು ಇಷ್ಟು. ಸಬ್‌ಡ್ಯೂರಲ್ ಇಲ್ಲ. ಗಡ್ಡೆ ಇಲ್ಲ. ಮೆದುಳಿನ ನೀರಿನ ಕೋಣೆಗಳು ಊದಿಕೊಂಡು ನಡಿಗೆ, ಮೂತ್ರ, ನೆನಪು ಮೂರನ್ನೂ ಕೆಡಿಸುವ ಇನ್ನೊಂದು ಕಾಯಿಲೆ ಇದೆ. ಅದೂ ಇಲ್ಲ. ನೆನಪಿನ ದಾರಿಯಲ್ಲಿ ಪಾರ್ಶ್ವವಾಯುವಿನ ಗುರುತು ಇಲ್ಲ. ಸಕ್ಕರೆ, ಬಿಪಿ ಇರುವವರ ಮೆದುಳಿನಲ್ಲಿ ಕಾಣುವ ಬಿಳಿ ಚುಕ್ಕೆಗಳು ಅಲ್ಲೊಂದು ಇಲ್ಲೊಂದು. ಫಝೆಕಾಸ್ ಅಳತೆಯಲ್ಲಿ ಮೂರಕ್ಕೆ ಒಂದು. ಇಷ್ಟರಿಂದ ಈ ಮಟ್ಟದ ಮರೆವು ಬರುವುದಿಲ್ಲ.

ಹಿಪ್ಪೋಕ್ಯಾಂಪಸ್ ಎರಡೂ ಕಡೆ ಚಪ್ಪಟೆಯಾಗಿತ್ತು, ಎಡಗಡೆ ಜಾಸ್ತಿ. ಅದರ ಸುತ್ತಲಿನ ಸಂದು ಅಗಲವಾಗಿ ನೀರು ತುಂಬಿಕೊಂಡಿತ್ತು. ಇದನ್ನು ಅಳೆಯಲು ನೆದರ್‌ಲೆಂಡ್ಸ್‌ನ ಶೆಲ್ಟೆನ್ಸ್ ಮತ್ತು ಸಂಗಡಿಗರು 1992ರಲ್ಲಿ ಮಾಡಿದ ಸುಲಭದ ಅಳತೆ ಇದೆ. ಸೊನ್ನೆಯಿಂದ ನಾಲ್ಕರವರೆಗೆ, ಕಣ್ಣಿನಲ್ಲೇ ನೋಡಿ ಅಂಕ ಕೊಡುವುದು. 75ರ ಒಳಗಿನವರಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಹಜ ಅಲ್ಲ. ಇವರಿಗೆ ಬಲಕ್ಕೆ ಎರಡು, ಎಡಕ್ಕೆ ಮೂರು. ಮೆದುಳಿನ ಉಳಿದ ಭಾಗ ಇಷ್ಟು ಸವೆದಿರಲಿಲ್ಲ. ಅಂದರೆ ಇದು ‘ವಯಸ್ಸಿಗೆ ತಕ್ಕ’ದ್ದಲ್ಲ. ಹಳೆಯ ಸಿಟಿಯ ಫಿಲ್ಮ್ ತೆಗೆದು ನೋಡಿದರೆ ಆ ಸಂದು ಅಲ್ಲೂ ಅಗಲವಾಗಿ ಕಾಣುತ್ತದೆ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದವರಿಗೆ.

ರಿಪೋರ್ಟ್‌ನಲ್ಲಿ ‘ಆಲ್ಝೈಮರ್ ಇದೆ’ ಅಂತ ನಾನು ಬರೆಯಲಿಲ್ಲ. ‘ಈ ಸವೆತದ ರೀತಿ ಆಲ್ಝೈಮರ್‌ಗೆ ಹೊಂದುತ್ತದೆ’ ಅಂತ ಬರೆದೆ. ಇದು ಜಾಣತನದ ನುಣುಚಿಕೊಳ್ಳುವಿಕೆ ಅಲ್ಲ. ಎಂಆರ್‌ಐ ತೋರಿಸುವುದು ಸವೆತವನ್ನು, ಸವೆಸಿದವರನ್ನಲ್ಲ. ಮುಪ್ಪಿನಲ್ಲಿ ಹಿಪ್ಪೋಕ್ಯಾಂಪಸ್ಸನ್ನು ತಿನ್ನುವ ಬೇರೆ ಕಾಯಿಲೆಗಳೂ ಇವೆ. ಅವುಗಳಲ್ಲಿ ಒಂದಕ್ಕೆ ‘ಲೇಟ್’ ಅಂತ ಹೆಸರಿಟ್ಟಿದ್ದೇ 2019ರಲ್ಲಿ. ಉಲ್ಟಾ, ಆಲ್ಝೈಮರ್ ಇದ್ದೂ ಹಿಪ್ಪೋಕ್ಯಾಂಪಸ್ ಹೆಚ್ಚು ಸವೆಯದವರೂ ಇದ್ದಾರೆ.

ಮಗನ ಪ್ರಶ್ನೆ

ಮಗ ರಿಪೋರ್ಟ್ ಹಿಡಿದು ಬಂದ. “ಡಾಕ್ಟ್ರೇ, ಹೊಂದುತ್ತದೆ ಅಂದರೆ ಏನರ್ಥ? ಹೌದು ಅಥವಾ ಇಲ್ಲ ಅಂತ ಹೇಳೋ ಸ್ಕ್ಯಾನ್ ಇದೆಯಂತಲ್ಲ?” ಫೋನಿನಲ್ಲಿ ಅಮಿಲಾಯ್ಡ್ ಪೆಟ್ ಅನ್ನುವ ಸ್ಕ್ಯಾನ್ ಬಗ್ಗೆ ಓದಿದ್ದ. ತಪ್ಪಾಗಿ ಓದಿರಲಿಲ್ಲ.

1906ರಲ್ಲಿ ಅಲೋಯಿಸ್ ಆಲ್ಝೈಮರ್ ತಾನು ಫ್ರಾಂಕ್‌ಫರ್ಟ್‌ನಲ್ಲಿ ನೋಡಿಕೊಂಡಿದ್ದ ಆಗಸ್ಟೆ ಡೀಟರ್ ಎಂಬ ಹೆಂಗಸಿನ ಮೆದುಳನ್ನು, ಆಕೆ ಸತ್ತ ಮೇಲೆ, ಸೂಕ್ಷ್ಮದರ್ಶಕದಲ್ಲಿ ನೋಡಿದ. ನರಕೋಶಗಳ ಹೊರಗೆ ಗಂಟುಗಂಟಾಗಿ ಕೂತ ಗಸಿ, ಒಳಗೆ ಸಿಕ್ಕುಬಿದ್ದ ಎಳೆ. ಮೊದಲನೆಯದು ಅಮಿಲಾಯ್ಡ್, ಎರಡನೆಯದು ಟೌ ಎಂಬ ಪ್ರೋಟೀನ್ ಅನ್ನುವುದು ಎಷ್ಟೋ ವರ್ಷ ಆದ ಮೇಲೆ ಗೊತ್ತಾದದ್ದು. ಸುಮಾರು ನೂರು ವರ್ಷ ಇವನ್ನು ಬದುಕಿದ್ದವರ ತಲೆಯೊಳಗೆ ನೋಡುವ ದಾರಿಯೇ ಇರಲಿಲ್ಲ. 2004ರಲ್ಲಿ ಪಿಟ್ಸ್‌ಬರ್ಗ್‌ನ ಕ್ಲಂಕ್ ಮತ್ತು ಮ್ಯಾಥಿಸ್ ತಂಡ ಅಮಿಲಾಯ್ಡ್‌ಗೆ ಅಂಟಿಕೊಂಡು ಪೆಟ್ ಯಂತ್ರದಲ್ಲಿ ಹೊಳೆಯುವ ಒಂದು ವಸ್ತುವಿನಿಂದ ತೆಗೆದ ಚಿತ್ರಗಳನ್ನು ಪ್ರಕಟಿಸಿತು. ಅದರಲ್ಲಿದ್ದ ಕಾರ್ಬನ್-11, 20 ನಿಮಿಷಕ್ಕೆ ಅರ್ಧವಾಗಿಬಿಡುತ್ತದೆ. ತಯಾರಿಸಿದ ಕಟ್ಟಡದಲ್ಲೇ ಬಳಸಬೇಕು. ಆಮೇಲೆ ಫ್ಲೋರಿನ್-18 ಬಳಸಿದ ಫ್ಲೋರ್‌ಬೆಟಾಪಿರ್ ಬಂತು. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಅರ್ಧಾಯುಷ್ಯ 110 ನಿಮಿಷ. ದೂರ ಸಾಗಿಸಬಹುದು, ಆದರೆ ದಾಸ್ತಾನು ಮಾಡುವಂತಿಲ್ಲ.

ಮಗನಿಗೆ ನಾನು ಹೇಳಿದ್ದು ಇದು. ಅಮಿಲಾಯ್ಡ್ ಪೆಟ್ ‘ಇಲ್ಲ’ ಅಂದರೆ ಆ ಮಾತಿಗೆ ತೂಕ ಇದೆ. ಆಗ ಆಲ್ಝೈಮರ್ ಬಿಟ್ಟು ಬೇರೆ ಹುಡುಕಬೇಕು. ‘ಹೌದು’ ಅಂದರೆ ಅಷ್ಟು ತೂಕ ಇಲ್ಲ. ಯಾಕೆಂದರೆ ಅಮಿಲಾಯ್ಡ್ ಕೂರಲು ಶುರುವಾಗುವುದು ಲಕ್ಷಣ ಕಾಣುವುದಕ್ಕೆ 15–20 ವರ್ಷ ಮೊದಲು. ಮರೆವೇ ಇಲ್ಲದ, ಆರಾಮಾಗಿರುವ ಎಷ್ಟೋ ಮುದುಕರ ಮೆದುಳಲ್ಲೂ ಅದು ಇರುತ್ತದೆ. ವಯಸ್ಸು ಹೆಚ್ಚಿದಷ್ಟೂ ಅಂಥವರು ಹೆಚ್ಚು. 2013ರಲ್ಲಿ ಅಮೆರಿಕದ ತಜ್ಞರು ಈ ಸ್ಕ್ಯಾನ್ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಬರೆದಾಗ, ಲಕ್ಷಣ ಇಲ್ಲದವರಿಗೆ ಬೇಡ, ರೋಗ ಎಷ್ಟು ಮುಂದುವರಿದಿದೆ ಅಂತ ಅಳೆಯಲೂ ಬೇಡ ಅಂತ ಸ್ಪಷ್ಟವಾಗಿಯೇ ಹೇಳಿದರು.

ನರರೋಗ ತಜ್ಞರು ಬೇರೊಂದು ಪೆಟ್ ಸೂಚಿಸಿದರು, ಎಫ್‌ಡಿಜಿ ಪೆಟ್. ಕ್ಯಾನ್ಸರ್ ರೋಗಿಗಳಿಗೆ ದಿನಾ ಮಾಡುವಂಥದ್ದೇ, ಅದಕ್ಕೆ ಸಿಗುವುದೂ ಸುಲಭ. ಸಕ್ಕರೆಯಂಥ ವಸ್ತು ಕೊಟ್ಟು, ಮೆದುಳಿನ ಯಾವ ಭಾಗ ಎಷ್ಟು ಬಳಸಿಕೊಳ್ಳುತ್ತದೆ ಅಂತ ನೋಡುವುದು. ಜಿನ್ನಿಂಗ್ ಮಿಲ್ಲಿನ ಕಟ್ಟಡ ನೋಡಿದರೆ ಮಿಲ್ ಓಡುತ್ತಿದೆಯೋ ನಿಂತಿದೆಯೋ ಗೊತ್ತಾಗಲ್ಲ, ಕರೆಂಟ್ ಬಿಲ್ ನೋಡಿದರೆ ಗೊತ್ತಾಗುತ್ತೆ. ಎಂಆರ್‌ಐ ಕಟ್ಟಡ, ಎಫ್‌ಡಿಜಿ ಬಿಲ್. ಗಂಜ್‌ನವರ ಮಗ, ತಟ್ಟನೆ ಹಿಡಿದ.

ನನ್ನನ್ನು ಕೇಳಿದ್ದರೆ ಆ ಹಂತದಲ್ಲಿ ಪೆಟ್ ಬೇಡ ಅನ್ನುತ್ತಿದ್ದೆ. ಇತಿಹಾಸ, ಪರೀಕ್ಷೆ, ಎಂಆರ್‌ಐ ಮೂರೂ ಒಂದೇ ದಿಕ್ಕು ತೋರಿಸುತ್ತಿದ್ದವು. ನರರೋಗ ತಜ್ಞರ ವಾದ ಬೇರೆ: ಬಿ12 ಇತ್ತು, ಸಕ್ಕರೆ ಇದೆ, ಶೀತದ ಗುಳಿಗೆ ಇತ್ತು, ಇಷ್ಟೆಲ್ಲ ಕಲಸಿದಾಗ ಒಂದು ಗಟ್ಟಿ ಆಧಾರ ಇರಲಿ. ಅದೂ ತೆಗೆದುಹಾಕುವ ಮಾತಲ್ಲ. ಮನೆಯವರಿಗೆ ಖರ್ಚು ಭರಿಸುವ ಶಕ್ತಿ ಇತ್ತು. ಇಲ್ಲದಿದ್ದರೆ ಸಾಲ ಮಾಡಿ ಮಾಡಿಸಬೇಕಾದ ಸ್ಕ್ಯಾನ್ ಇದಲ್ಲ ಅಂತ ಅವರೂ ಒಪ್ಪುತ್ತಾರೆ.

ಹೈದರಾಬಾದಿಗೆ ಹೋದರು. ಸಕ್ಕರೆ ಕಾಯಿಲೆಯವರಿಗೆ ಇಲ್ಲಿ ಒಂದು ಎಚ್ಚರ ಬೇಕು. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಕೊಟ್ಟ ವಸ್ತು ಮೆದುಳಿಗೆ ಸರಿಯಾಗಿ ಸೇರುವುದಿಲ್ಲ. ಅಷ್ಟೇ ಅಲ್ಲ, ಚಿತ್ರ ಆಲ್ಝೈಮರ್ ಥರವೇ ಕಾಣಬಹುದು. ರೋಗ ಇಲ್ಲದವರಿಗೂ ರೋಗದ ಹಣೆಪಟ್ಟಿ ಬೀಳಬಹುದು. ಖಾಲಿ ಹೊಟ್ಟೆಯಲ್ಲಿ ಇವರಿಗೆ 128 ಇತ್ತು, ಸರಿ ಅಂದರು. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಮಂದ ಬೆಳಕಿನ ಕೋಣೆಯಲ್ಲಿ ಮಾತಿಲ್ಲದೆ ಕೂರಬೇಕು. ಮಾತಾಡಿದರೆ ಮಾತಿನ ಭಾಗ ಜಾಸ್ತಿ ಸಕ್ಕರೆ ಎಳೆದುಕೊಳ್ಳುತ್ತದೆ. ಬಂದವರಿಗೆಲ್ಲ ಚಾ ಕೇಳುವ ಮನುಷ್ಯನನ್ನು ಸುಮ್ನೆ ಕೂರಿಸಲು ಮಗಳಿಗೆ ಸಾಕುಸಾಕಾಯಿತಂತೆ.

ಫಲಿತಾಂಶದಲ್ಲಿ ಗೊಂದಲ ಇರಲಿಲ್ಲ. ಮೆದುಳಿನ ಹಿಂಭಾಗದ ನಡುವೆ, ಕಿವಿಯ ಮೇಲಿನ ಮತ್ತು ಹಿಂದಿನ ಭಾಗಗಳಲ್ಲಿ ಸಕ್ಕರೆ ಬಳಕೆ ಎರಡೂ ಕಡೆ ಇಳಿದಿತ್ತು, ಎಡಕ್ಕೆ ಹೆಚ್ಚು. ಕೈಕಾಲು ಆಡಿಸುವ ಭಾಗ, ನೋಟದ ಭಾಗ, ಕಿರುಮೆದುಳು ಚೆನ್ನಾಗಿದ್ದವು. ಮುಂಭಾಗ ಇಳಿದಿದ್ದರೆ ನಡತೆ ಕೆಡಿಸುವ ಬೇರೆ ಡಿಮೆನ್ಷಿಯಾ ನೆನಪಾಗುತ್ತಿತ್ತು. ನೋಟದ ಭಾಗ ಇಳಿದಿದ್ದರೆ, ಇಲ್ಲದ್ದು ಕಂಡ ಹಾಗಾಗುವ ಲೂಯಿ ಬಾಡಿ ಕಾಯಿಲೆ. ಇವರದು ಆಲ್ಝೈಮರ್‌ನ ನಕ್ಷೆ. ಶುರುವಿನ ಹಂತ.

ಆಮೇಲೆ

ಡೊನೆಪೆಜಿಲ್ 5 ಮಿಲಿಗ್ರಾಂ ಶುರುಮಾಡಿದರು. ಅದಕ್ಕೆ ಮೊದಲು ಇಸಿಜಿ, ಯಾಕೆಂದರೆ ಈ ಗುಳಿಗೆ ಎದೆಬಡಿತವನ್ನು ನಿಧಾನ ಮಾಡಬಹುದು. ಇದು ರೋಗ ನಿಲ್ಲಿಸುವುದಿಲ್ಲ, ಇರುವ ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಆ ಶೀತದ ಗುಳಿಗೆ ಇನ್ನೂ ನಡೆದಿದ್ದರೆ ಒಂದು ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತಿತ್ತು. ಬಿ12 ಮುಂದುವರಿಸಿದರು. ಕಿವಿಯಲ್ಲಿ ಗುಗ್ಗೆ ತುಂಬಿತ್ತು, ತೆಗೆಸಿದರು. ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮಗ ಹೊಸ ಔಷಧದ ಬಗ್ಗೆ ಕೇಳಿದ. ಲೆಕಾನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಇವು ಅಮಿಲಾಯ್ಡ್ ಗಸಿಯನ್ನೇ ತೆಗೆಯುತ್ತವೆ. ಲೆಕಾನೆಮ್ಯಾಬ್ ಪರೀಕ್ಷೆಯಲ್ಲಿ 18 ತಿಂಗಳಲ್ಲಿ ರೋಗ ಮುಂದುವರಿಯುವುದು ಶೇ 27ರಷ್ಟು ನಿಧಾನವಾಯಿತು. ಕೇಳಲು ದೊಡ್ಡದು, ಆದರೆ 18 ಅಂಕದ ಅಳತೆಯಲ್ಲಿ ಅದು ಅರ್ಧ ಅಂಕಕ್ಕಿಂತ ಕಡಿಮೆ. ಮೆದುಳು ಊದುವ, ರಕ್ತ ಜಿನುಗುವ ಅಪಾಯ ಇರುವುದರಿಂದ ಮತ್ತೆ ಮತ್ತೆ ಎಂಆರ್‌ಐ ಮಾಡುತ್ತಲೇ ಇರಬೇಕು. ಅಮಿಲಾಯ್ಡ್ ಇದೆ ಅಂತ ಸಾಬೀತಾಗದೆ ಕೊಡುವಂತಿಲ್ಲ. ಅಮಿಲಾಯ್ಡ್ ಪೆಟ್‌ಗೆ ನಿಜವಾದ ಕೆಲಸ ಬರುವುದು ಇಲ್ಲಿ. ರಕ್ತ ಪರೀಕ್ಷೆಯೂ ಆ ಜಾಗಕ್ಕೆ ಬರುತ್ತಿದೆ. 2025ರ ಮೇನಲ್ಲಿ ಎಫ್‌ಡಿಎ ಅಂಥ ಮೊದಲ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಮನೆಯವರು ಮಾತಾಡಿಕೊಂಡು, ಸದ್ಯಕ್ಕೆ ಬೇಡ ಅಂದರು.

“ನನಗೂ ಬರುತ್ತಾ? ನಾನೂ ಒಂದು ಸ್ಕ್ಯಾನ್ ಮಾಡಿಸಿಬಿಡಲಾ?” ಅಂತಲೂ ಮಗ ಕೇಳಿದ. ಬೇಡ ಅಂದೆವು. ಅಪ್ಪನಿಗೆ 65ರ ಆಸುಪಾಸಿನಲ್ಲಿ ಬಂದಿದೆ ಅನ್ನುವುದರಿಂದ ಅಪಾಯ ಸ್ವಲ್ಪ ಜಾಸ್ತಿ, ಅಷ್ಟೇ. ನಲವತ್ತರ ಮಗನ ಮೆದುಳಿನ ಚಿತ್ರ ಅದರ ಬಗ್ಗೆ ಏನೂ ಹೇಳದು. ಬಿಪಿ, ಸಕ್ಕರೆ ನೋಡಿಕೊಳ್ಳಲಿ, ಕಿವಿ ಮಂದವಾದರೆ ಬಿಡದೆ ತೋರಿಸಲಿ.

ಮನೆಯಲ್ಲಿ ಆದ ಬದಲಾವಣೆ ಹೆಚ್ಚು ಉಪಯೋಗಕ್ಕೆ ಬಂತು ಅಂತ ನನ್ನ ಅನಿಸಿಕೆ. ಬ್ಯಾಂಕ್, ಹೊಲದ ಪಹಣಿ, ಉಯಿಲು ಎಲ್ಲವನ್ನೂ ಅವರು ಇನ್ನೂ ತಿಳಿದು ಸಹಿ ಮಾಡುವ ಹಂತದಲ್ಲಿರುವಾಗಲೇ ಸರಿಮಾಡಿಕೊಂಡರು. ಜೇಬಿನಲ್ಲಿ ಹೆಸರು, ಮಗಳ ಫೋನ್ ನಂಬರ್ ಬರೆದ ಚೀಟಿ. ತೀನ್ ಕಂದೀಲ್‌ನ ಮೆಡಿಕಲ್ ಶಾಪಿನವರಿಗೂ, ಹಾಲಿನವನಿಗೂ ವಿಷಯ ಹೇಳಿಟ್ಟರು. “ಈಗಷ್ಟೇ ಹೇಳಿದ್ನಲ್ಲ” ಅಂತ ರೇಗುವುದನ್ನು ಹೆಂಡತಿ ಕಡಿಮೆ ಮಾಡಿದ್ದಾರೆ. ಬೇಕಂತಲೇ ಮಾಡುತ್ತಾರೆ ಅಂತ ಅಂದುಕೊಂಡಿದ್ದರಂತೆ. ಕರೋನಲ್ ಚಿತ್ರದಲ್ಲಿ ಆ ಖಾಲಿ ಸಂದನ್ನು ತೋರಿಸಿದ ಮೇಲೆ, “ಹಂಗಾದ್ರ ಅವರ ತಪ್ಪಲ್ರಿ” ಅಂದರು.

ಕಿರ್ದಿ ಬರೆಯುವುದನ್ನು ನಿಲ್ಲಿಸಿಲ್ಲ. ಬೆಳಿಗ್ಗೆ ಹಾಲಿನ ಲೆಕ್ಕವನ್ನು ಈಗ ಹೆಂಡತಿ ಜೊತೆಗೆ ಕೂತು ಬರೆಸುತ್ತಾರೆ. ಕೂಡುವ ಕೆಲಸ ಅವರದೇ.

ಆರು ತಿಂಗಳಿಗೊಮ್ಮೆ ನರರೋಗ ತಜ್ಞರಿಗೆ ತೋರಿಸುತ್ತಾರೆ. ಹೊಸ ಸ್ಕ್ಯಾನ್ ಬರೆದಿಲ್ಲ. ಸವೆತ ಹೆಚ್ಚಿದೆಯಾ ಅಂತ ವರ್ಷಾ ವರ್ಷಾ ನೋಡುವುದರಿಂದ ಅವರಿಗೆ ಸಿಗುವುದೇನೂ ಇಲ್ಲ. ಮತ್ತೆ ಬಿದ್ದರೆ, ನಡಿಗೆ ಕೆಟ್ಟರೆ, ಇಲ್ಲವೇ ದಿನಗಳಲ್ಲಿ ತಟ್ಟನೆ ಮಂಕಾದರೆ ಮಾತ್ರ ಕಾಯದೆ ಕರೆತನ್ನಿ ಅಂತ ಹೇಳಿದ್ದೇವೆ. ಆಲ್ಝೈಮರ್ ಹಾಗೆ ತಟ್ಟನೆ ಕೆಡುವ ಕಾಯಿಲೆಯಲ್ಲ. ಆಗ ನೋಡಬೇಕಾದದ್ದು ಸಬ್‌ಡ್ಯೂರಲ್, ಸೋಂಕು ಅಥವಾ ಯಾರೋ ಹೊಸದಾಗಿ ಕೊಟ್ಟ ಗುಳಿಗೆ.